ಚಿತ್ರ ತಡವರಿಸಿದಾಗ

ಟೂರಿಂಗ್ ಟಾಕೀಸು ನೋಡಿ ಬೆಳೆದವರಿಗೆ ಒಂದು ಅನುಭವ ಇನ್ನೂ ನೆನಪಿರಬೇಕು. ಕಥೆ ರಂಗೇರಿದ ಹೊತ್ತಿಗೇ ಫಿಲ್ಮು ತುಂಡಾಗುತ್ತಿತ್ತು. ಆಪರೇಟರು ಕತ್ತರಿಸಿ ಅಂಟಿಸುತ್ತಿದ್ದ. ಮತ್ತೆ ಚಿತ್ರ ಶುರುವಾದಾಗ, ಬಾಗಿಲಲ್ಲಿ ನಿಂತಿದ್ದ ನಾಯಕ ಥಟ್ಟನೆ ಮಂಚದ ಮೇಲೆ ಕುಳಿತಿರುತ್ತಿದ್ದ! ನಡುವಿನ ನಾಲ್ಕು ಹೆಜ್ಜೆ ಕತ್ತರಿಗೆ ಆಹುತಿ. ಸೆಕೆಂಡಿಗೆ 24 ಚಿತ್ರ ಓಡಬೇಕಾದಲ್ಲಿ ಹತ್ತು ಮಾಯವಾದರೂ ಕಣ್ಣು ಕ್ಷಮಿಸುವುದಿಲ್ಲ. ಈಗ ಫಿಲ್ಮೂ ಹೋಯಿತು, ಕತ್ತರಿಯೂ ಹೋಯಿತು. ರೋಗ ಮಾತ್ರ ಕಂಪ್ಯೂಟರಿನೊಳಗೆ ಬಂದು ಕುಳಿತಿದೆ. ಆಟವಾಡುವ ಮಕ್ಕಳಿರುವ ಮನೆಯವರು ಇದನ್ನು ಬಲ್ಲರು. ಆಡುವಾಗ ಆಟ ನೀರಿನಂತೆ ಹರಿಯುತ್ತದೆ; ಅದನ್ನೇ ರೆಕಾರ್ಡು ಮಾಡಿ ನೋಡಿದರೆ ಚಿತ್ರ ಉಗ್ಗುತ್ತದೆ.

ನಾವು ಇದರ ಬೆನ್ನು ಹತ್ತಿದ್ದಕ್ಕೆ ಕಾರಣವುಂಟು. ನಾವು ಎಂದರೆ ಕಾಚಿಗುಡದ ಈ ಮನೆಯ ಇಬ್ಬರು ಹಿರಿಯರು, ಗಂಡ ಹೆಂಡಿರು. ಮೊಮ್ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಶಾಲೆಯಲ್ಲಿ ಇಂಗ್ಲಿಷು, ತೆಲುಗು. ಗೆಳೆಯರೊಡನೆ ಹೈದರಾಬಾದಿ ಹಿಂದಿ. ಕನ್ನಡವೇನಿದ್ದರೂ ಊಟದ ತಟ್ಟೆಯ ಮುಂದೆ. ಅವನು ಆಡುವುದು ಮೈನ್‌ಕ್ರಾಫ್ಟ್ ಎಂಬ ಆಟ, ಸ್ವೀಡನ್ ದೇಶದವರು ಮಾಡಿದ್ದು. ಅದರಲ್ಲಿ ಹೊಡೆದಾಟಕ್ಕಿಂತ ಕಟ್ಟುವ ಕೆಲಸವೇ ಹೆಚ್ಚು. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಮನೆ, ಊರು, ಏನು ಬೇಕಾದರೂ ಎಬ್ಬಿಸಬಹುದು. ಕಳೆದ ಬೇಸಗೆಯಲ್ಲಿ ಹುಡುಗ ಕಲಬುರಗಿಯ ಕೋಟೆಯನ್ನೇ ಕಟ್ಟಲು ಹೊರಟ.

ಕಲಬುರಗಿಯಲ್ಲಿ ನಮ್ಮ ಮನೆತನದ ಹಿರಿಯಣ್ಣನವರಿದ್ದಾರೆ. ವಯಸ್ಸು 86. ಕೋಟೆಯ ಹತ್ತಿರದ ಓಣಿಯಲ್ಲೇ ಆಡಿ ಬೆಳೆದವರು. ಜಾರಿ ಬಿದ್ದು ಸೊಂಟ ಮುರಿದ ಮೇಲೆ ಹಾಸಿಗೆ ಬಿಟ್ಟು ಏಳಲಾರರು. ಕೋಟೆಯೊಳಗೆ ಒಮ್ಮೆ ಸುತ್ತಿ ಬರಬೇಕೆಂಬ ಆಸೆ ಮಾತ್ರ ಬಿಟ್ಟಿಲ್ಲ. ಹುಡುಗ ಅವರನ್ನು ಫೋನಿನಲ್ಲಿ ಕೇಳಿ ಕೇಳಿ ಬುರುಜು, ಕಂದಕ, 1367ರ ಜಾಮಾ ಮಸೀದಿ ಎಲ್ಲವನ್ನೂ ಎಬ್ಬಿಸಿದ. ಬಯಲಂಗಳವಿಲ್ಲದೆ ಪೂರ್ತಿ ಮೇಲ್ಛಾವಣಿ ಹೊದ್ದ, ಗುಮ್ಮಟಗಳ ಸಾಲಿನ ಆ ಮಸೀದಿಗೇ ಎರಡು ವಾರ ಹಿಡಿಯಿತು. ಆಮೇಲೆ ಕೋಟೆಯಲ್ಲೆಲ್ಲ ತಿರುಗಾಡುತ್ತ, ಕನ್ನಡದಲ್ಲೇ ವಿವರಣೆ ಹೇಳುತ್ತ, ಅರ್ಧ ಗಂಟೆಯ ರೆಕಾರ್ಡು ಮಾಡಿ ಪೆನ್ ಡ್ರೈವಿನಲ್ಲಿ ಕಳಿಸಿದ.

ವಾರದ ಮೇಲೆ ಫೋನು ಬಂತು. "ತಮ್ಮಾ, ನಿನ್ನ ಮಾತು ಮುಂದ ಹೋಗ್ತದ, ಕ್ವಾಟಿ ಅಲ್ಲೇ ನಿಂತಿರ್ತದ. ಆಮ್ಯಾಲೆ ಒಮ್ಮೆಲೆ ಜಿಗೀತದ. ನನಗ ತಲಿ ತಿರುಗ್ತದಪಾ." ಹುಡುಗನ ಮುಖ ಬಾಡಿತು. "ಇನ್ನ ಮಾಡಂಗಿಲ್ಲ ಬಿಡ್ರಿ ಅಜ್ಜಾ" ಎಂದು ಕಂಪ್ಯೂಟರು ಆರಿಸಿದ. ಅರ್ಧ ಗಂಟೆ ಒಂದೇ ಸಮನೆ ಕನ್ನಡ ಮಾತಾಡಿದ್ದನ್ನು ನಾವು ಅವನ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಅದು ಅಷ್ಟಕ್ಕೇ ನಿಂತುಹೋಗುವುದು ನಮಗೆ ಬೇಡವಾಗಿತ್ತು.

ಸಿಕಂದರಾಬಾದಿನ ಪಾರ್ಕ್ ಲೇನಿನ ಚಿನಾಯ್ ಟ್ರೇಡ್ ಸೆಂಟರಿಗೆ ಹೊರಟೆವು. ಸಿ.ಟಿ.ಸಿ. ಎಂದರೆ ಆಟೋದವರೂ ಬಲ್ಲ ಕಂಪ್ಯೂಟರು ಪೇಟೆ. ಎರಡು ಅಂಗಡಿಯವರು ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಿರೆಂದರು. ಬೆಲೆ ಎರಡು ತಿಂಗಳ ಪಿಂಚಣಿಗೆ ಸಮ. ಮೂರನೆಯ ಅಂಗಡಿಯ ತರುಣ ಮಾತ್ರ, ಮೊದಲು ರೋಗ ಯಾವುದೆಂದು ನೋಡಿ, ಮದ್ದು ಆಮೇಲೆ ಎಂದು ತೆಲುಗಿನಲ್ಲಿ ಬುದ್ಧಿ ಹೇಳಿ, ಒಂದು ಕಾಗದದ ಮೇಲೆ ಎಲ್ಲವನ್ನೂ ಬರೆದು ವಿವರಿಸಿದ.

ನಮಗೆ ತಿಳಿದದ್ದು ಇಷ್ಟು. ರೆಕಾರ್ಡು ಮಾಡುವಾಗ ಯಂತ್ರದೊಳಗೆ ಮೂವರು ಆಳುಗಳು ದುಡಿಯುತ್ತಾರೆ. ಒಬ್ಬ ಚಿತ್ರ ಬರೆಯುವವನು. ಅದು ಗ್ರಾಫಿಕ್ಸ್ ಕಾರ್ಡು. ಇನ್ನೊಬ್ಬ ಚಿತ್ರವನ್ನು ಮಡಚಿ ಗಂಟು ಕಟ್ಟುವವನು. ಇವನಿಗೆ ಎನ್‌ಕೋಡರು ಎನ್ನುತ್ತಾರೆ. ಮೂರನೆಯವನು ಗಂಟನ್ನು ಒಳಗಿಡುವ ಉಗ್ರಾಣಿ, ಅದು ಡಿಸ್ಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸೆಕೆಂಡಿನ ಅರವತ್ತನೆಯ ಒಂದು ಪಾಲು. ಯಾರೊಬ್ಬರು ತಡಮಾಡಿದರೂ ಆ ಚಿತ್ರ ಹೋಯಿತು. ಸುಮ್ಮನೆ ಆಡುವಾಗ ಮಡಚುವ, ಒಳಗಿಡುವ ಕೆಲಸವಿಲ್ಲ. ಆದ್ದರಿಂದಲೇ ಆಟ ಉಗ್ಗುವುದಿಲ್ಲ.

ಯಾರು ತಡಮಾಡುತ್ತಿದ್ದಾರೆಂದು ತಿಳಿಯುವುದು ಹೇಗೆ? ಹುಡುಗ ಬಳಸುವುದು ಓ.ಬಿ.ಎಸ್. ಸ್ಟುಡಿಯೋ ಎಂಬ, ಕಾಸು ಕೇಳದ ತಂತ್ರಾಂಶ. ಅದರಲ್ಲಿ 'ಸ್ಟ್ಯಾಟ್ಸ್' ಎಂಬ ಕಿಟಕಿಯೊಂದಿದೆ. 'ರೆಂಡರಿಂಗ್ ಲ್ಯಾಗ್' ಏರಿದರೆ ಚಿತ್ರ ಬರೆಯುವವನು ದಣಿದಿದ್ದಾನೆ. 'ಎನ್‌ಕೋಡಿಂಗ್ ಲ್ಯಾಗ್' ಏರಿದರೆ ಗಂಟು ಕಟ್ಟುವವನು ದಣಿದಿದ್ದಾನೆ. 'ಡ್ರಾಪ್ಡ್ ಫ್ರೇಮ್ಸ್' ಎಂಬ ಮೂರನೆಯ ಲೆಕ್ಕ ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡುವವರಿಗೆ ಸೇರಿದ್ದು. ಮನೆಯಲ್ಲೇ ರೆಕಾರ್ಡು ಮಾಡಿಕೊಳ್ಳುವವರಿಗೆ ಅದರ ಗೊಡವೆ ಬೇಡ.

ಹುಡುಗನನ್ನು ಪುಸಲಾಯಿಸಿ ಹತ್ತು ನಿಮಿಷ ಆಡಿಸಿದೆವು. 36,000 ಚಿತ್ರ ಬರಬೇಕಾದಲ್ಲಿ ಸುಮಾರು 5,000 ಗಂಟು ಕಟ್ಟುವಲ್ಲೇ ತಪ್ಪಿಹೋಗಿದ್ದವು. ಆಟದ ಲೆಕ್ಕಾಚಾರ ಮಾಡುವ ಪ್ರೊಸೆಸರಿನ ತಲೆಯ ಮೇಲೆಯೇ ಗಂಟು ಕಟ್ಟುವ ಹೊರೆಯೂ ಬಿದ್ದಿತ್ತು! ಎನ್ವಿಡಿಯಾ ಕಂಪನಿಯವರು 2012ರಿಂದ ತಮ್ಮ ಬಹುಪಾಲು ಕಾರ್ಡುಗಳಲ್ಲಿ ಈ ಕೆಲಸಕ್ಕೆಂದೇ ಎನ್‌ವೆಂಕ್ ಎಂಬ ಪ್ರತ್ಯೇಕ ಭಾಗವನ್ನು ಇಟ್ಟಿದ್ದಾರೆ. ನಮ್ಮ ಹಳೆಯ ಕಾರ್ಡಿನಲ್ಲೂ ಅದಿತ್ತು. ಇಂಟೆಲ್, ಎ.ಎಂ.ಡಿ. ಯಂತ್ರಗಳಲ್ಲೂ ಇಂಥದ್ದು ಇರುತ್ತದೆ. ಸೆಟಿಂಗಿನಲ್ಲಿ ಎಕ್ಸ್-264 ಬಿಟ್ಟು ಅದನ್ನು ಆರಿಸಿದೊಡನೆ ಆ ಲೆಕ್ಕ ಸೊನ್ನೆಗೆ ಇಳಿಯಿತು. ಆದರೆ ಮೊದಲನೆಯವನು ಇನ್ನೂ ಏದುಸಿರು ಬಿಡುತ್ತಿದ್ದ. ಆಟಕ್ಕೆ ಕಡಿವಾಣವಿಲ್ಲದೆ ಅದು ಸೆಕೆಂಡಿಗೆ ನೂರೈವತ್ತು ಚಿತ್ರ ಬರೆಸುತ್ತಿತ್ತು. ಕಾರ್ಡಿಗೆ ಬಿಡುವೇ ಇರಲಿಲ್ಲ. ಆಟದ ಮಿತಿಯನ್ನು 60ಕ್ಕೆ ಕಟ್ಟಿ, ದೂರದ ದೃಶ್ಯವನ್ನು ಸ್ವಲ್ಪ ಮೊಟಕು ಮಾಡಿದೆವು. ಅದೂ ಶಾಂತವಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಲೆಕ್ಕ ನೋಡಬೇಕು. ನಾಲ್ಕನ್ನು ಒಟ್ಟಿಗೆ ತಿರುವಿದರೆ ಯಾವುದು ಫಲಿಸಿತೆಂದು ತಿಳಿಯದು.

ಇನ್ನು ಉಗ್ರಾಣಿ. ಸೆಕೆಂಡಿಗೆ 40 ಮೆಗಾಬಿಟ್ಟಿನ ರೆಕಾರ್ಡು ಗಂಟೆಗೆ 18 ಗಿಗಾಬೈಟ್ ಜಾಗ ತಿನ್ನುತ್ತದೆ. ಸಾಧಾರಣ ಹಾರ್ಡ್ ಡಿಸ್ಕೂ ಅಷ್ಟನ್ನು ಬರೆಯಬಲ್ಲದು. ಆದರೆ ಆಟವೂ ಅದೇ ಡಿಸ್ಕಿನಲ್ಲಿದ್ದರೆ ಒಂದೇ ಮುಳ್ಳು ಎರಡು ಕಡೆ ಓಡಾಡಬೇಕು. ರೆಕಾರ್ಡಿಗೆ ಬೇರೆ ಡಿಸ್ಕು ಇಡುವುದು ಲೇಸು. ನಾವು ಖರ್ಚು ಮಾಡಿದ್ದು ಆ ಒಂದು ಸಣ್ಣ ಡಿಸ್ಕಿಗೆ ಮಾತ್ರ. ಕರೆಂಟು ಹೋಗುವ ಮನೆಯಾದರೆ ಎಂ.ಪಿ.4ರ ಬದಲು ಎಂ.ಕೆ.ವಿ. ರೂಪದಲ್ಲಿ ಉಳಿಸಬೇಕು, ನಡುವೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಲ್ಯಾಪ್‌ಟಾಪಿನವರು ಇನ್ನೊಂದು ಮಾತು ನೆನಪಿಡಬೇಕು: ನಮ್ಮೂರಿನ ಮೇ ತಿಂಗಳ ಬಿಸಿಲಲ್ಲಿ ಯಂತ್ರ ಕಾದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟು ರೆಕಾರ್ಡು ಮಾಡುವುದು ತರವಲ್ಲ.

ಎರಡನೆಯ ಪೆನ್ ಡ್ರೈವು ಕಲಬುರಗಿ ಸೇರಿತು. ಈ ಸಲದ ಫೋನು ಅಂದೇ ರಾತ್ರಿ ಬಂತು. "ಈಗ ಕ್ವಾಟಿ ಛಲೋ ನಡೀತದ. ನಿನ್ನ ಕನ್ನಡನೇ ಎಡವ್ತದಲ್ಲೋ ತಮ್ಮಾ! ಗೇಟ್ ಅನಬ್ಯಾಡ, ಅಗಸಿ ಅನ್ನು. ವಾಲ್ ಅನಬ್ಯಾಡ, ಗ್ವಾಡಿ ಅನ್ನು." ಹುಡುಗ ನಕ್ಕು, ಆ ಮಾತುಗಳನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಪಕ್ಕಕ್ಕೆ ಅಂಟಿಸಿದ. ಈಗ ಅಲ್ಲಿ ಹದಿನೇಳು ಚೀಟಿಗಳಿವೆ. ಚಿತ್ರ ಉಗ್ಗುತ್ತಿದ್ದಷ್ಟು ದಿನ ಹಿರಿಯಣ್ಣನವರಿಗೆ ಅವನ ಮಾತಿನ ಕಡೆ ಕಿವಿಗೊಡಲು ಪುರುಸೊತ್ತೇ ಇರಲಿಲ್ಲ.

ವಾಚಕರ ಮನೆಗಳಲ್ಲೂ ಇಂಥ ಹುಡುಗರು, ಹುಡುಗಿಯರು ಇದ್ದಾರು. ಹೊಸ ಕಾರ್ಡು ಕೊಳ್ಳುವ ಮೊದಲು ಆ ಕಿಟಕಿಯನ್ನೊಮ್ಮೆ ತೆರೆದು ನೋಡಿರಿ. ನಮ್ಮವನು ಮುಂದೆ ಬೀದರಿನ ಕೋಟೆ ಕಟ್ಟುತ್ತಾನಂತೆ. ಬೀದರಿನಲ್ಲಿ ಬೆಳೆದ ಹಿರಿಯರು ನಮ್ಮ ಸಂಘದಲ್ಲಿದ್ದರೆ ದಯವಿಟ್ಟು ತಿಳಿಸಬೇಕು. ಅವನು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ, ಕೇಳುವುದು ಕನ್ನಡದಲ್ಲೇ.