ಕಾಕಾರ ಕತ್ತಲೆಕೋಣೆ

ನಮ್ಮ ಕಾಕಾ ಸಿಂದಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಸ್ಟುಡಿಯೋ ಎಂದರೆ ಹತ್ತು ಹೆಜ್ಜೆಯ ಒಂದು ಅಂಗಡಿ. ಪರದೆಯ ಮೇಲೆ ಬಣ್ಣದಿಂದ ಬರೆದ ಉದ್ಯಾನ, ಎರಡು ದೀಪ, ಒಂದು ಸ್ಟೂಲು, ಗಿರಾಕಿಗಳ ತಲೆ ಬಾಚಲು ಹಲ್ಲು ಮುರಿದ ಒಂದು ಹಣಿಗೆ. ಹಿಂದುಗಡೆ ಕತ್ತಲೆಕೋಣೆ. ಅಲ್ಲಿ ಕೆಂಪು ದೀಪದ ಬೆಳಕಿನಲ್ಲಿ, ತಟ್ಟೆಯ ನೀರಿನಲ್ಲಿ ಮುಳುಗಿದ ಬಿಳಿಯ ಕಾಗದದ ಮೇಲೆ ಮೊದಲು ಮೀಸೆ, ಆಮೇಲೆ ಕಣ್ಣು, ಕಟ್ಟಕಡೆಗೆ ರುಮಾಲಿನ ಸುತ್ತು ಮೂಡಿ ಬರುತ್ತಿದ್ದುದನ್ನು ಅವರು ಈಗಲೂ ಬಣ್ಣಿಸುತ್ತಾರೆ. ಇಂಡಿಯಲ್ಲಿ ಮದುವೆ, ಮುದ್ದೇಬಿಹಾಳದಲ್ಲಿ ಶಾಲೆಯ ಗ್ರೂಪ್ ಫೋಟೋ, ಬಸವನ ಬಾಗೇವಾಡಿಯಲ್ಲಿ ಜಾತ್ರೆ, ಹೀಗೆ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲಿಯೇ ಅವರ ಹರೆಯ ಕಳೆಯಿತು.

ಒಮ್ಮೆ ನಾನು, "ಕಾಕಾ, ಒಂದು ಫೋಟೋಕ್ಕ ನಿಮಗ ಏನು ಉಳೀತಿತ್ತು?" ಎಂದು ಕೇಳಿದೆ.

"ತಗಿಯೋದ್ರಾಗ ಏನೂ ಇಲ್ಲೋ ತಮ್ಮಾ. ಎಲ್ಲಾ ತೊಳಿಯೋದ್ರಾಗ, ಕಾಪಿ ಹಾಕೋದ್ರಾಗ. ಒಂದು ತಗದ್ರ ಆರು ಮಂದಿ ಕಾಪಿ ಕೇಳ್ತಿದ್ರು."

ಕಾಕಾ ಅರಿಯದೆಯೇ ಕೊಡ್ಯಾಕ್ ಕಂಪನಿಯ ವ್ಯಾಪಾರದ ಗುಟ್ಟನ್ನು ಹೇಳಿಬಿಟ್ಟಿದ್ದರು. ಅಮೆರಿಕದ ರೋಚೆಸ್ಟರ್ ಊರಿನ ಜಾರ್ಜ್ ಈಸ್ಟ್‌ಮನ್ನನ ಆ ಕಂಪನಿಯು 1900ರಲ್ಲಿ ಬ್ರೌನಿ ಎಂಬ ಕ್ಯಾಮರಾವನ್ನು ಒಂದೇ ಡಾಲರಿಗೆ ಮಾರಿತು. ಕ್ಯಾಮರಾ ಒಮ್ಮೆ ಕೊಳ್ಳುವ ವಸ್ತು. ರೀಲು, ಕಾಗದ, ರಸಾಯನಗಳನ್ನು ಮಾತ್ರ ಮತ್ತೆ ಮತ್ತೆ ಕೊಳ್ಳಲೇಬೇಕು. ಲಾಭವೆಲ್ಲ ಅಲ್ಲಿಯೇ ಇದ್ದಿತು.

ಇದೇ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ತರುಣ ಇಂಜಿನಿಯರನು 1975ರಲ್ಲಿ ರೀಲೇ ಬೇಡದ ಡಿಜಿಟಲ್ ಕ್ಯಾಮರಾ ಕಟ್ಟಿದನು. ಅದರ ತೂಕ ಮೂರೂವರೆ ಕಿಲೋಕ್ಕೂ ಮಿಗಿಲು. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ಬರೆದುಕೊಳ್ಳಲು 23 ಸೆಕೆಂಡು. ಹಿರಿಯರಿಗೆ ಅದು ರುಚಿಸಲಿಲ್ಲ. ರೀಲು ಮಾರಿ ಉಣ್ಣುವವರ ಮುಂದೆ ರೀಲಿಲ್ಲದ ಯಂತ್ರ ತಂದಿಟ್ಟರೆ ಯಾರಿಗೆ ರುಚಿಸೀತು?

ಮುಂದಿನ ಸಂಗತಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 2004ರ ಜನವರಿಯಲ್ಲಿ ಕೊಡ್ಯಾಕ್ ಅಮೆರಿಕ, ಕೆನಡಾ, ಪಶ್ಚಿಮ ಯುರೋಪುಗಳಲ್ಲಿ ರೀಲಿನ ಕ್ಯಾಮರಾ ಮಾರುವದನ್ನು ನಿಲ್ಲಿಸುವದಾಗಿಯೂ, ಭಾರತ, ಚೀನಾಗಳಂಥ ದೇಶಗಳಲ್ಲಿ ಮುಂದುವರಿಸುವದಾಗಿಯೂ ಸಾರಿತು. ಇನ್ನೂ ಕ್ಯಾಮರಾ ಕಾಣದ ಮನೆಗಳು ನಮ್ಮಲ್ಲಿ ಬಹಳ. ಅವರು ರೀಲಿನಿಂದಲೇ ಆರಂಭಿಸುವರೆಂಬ ಎಣಿಕೆ. ಅಂದರೆ ಆ ದೊಡ್ಡ ಲೆಕ್ಕದ ಮೂಲೆಯಲ್ಲೆಲ್ಲೋ ನಮ್ಮ ನಾಲ್ಕು ತಾಲೂಕುಗಳೂ ಇದ್ದವು! ಆದರೆ ನಮ್ಮ ಮಂದಿ ರೀಲಿನ ಮೆಟ್ಟಿಲನ್ನು ಹತ್ತಲೇ ಇಲ್ಲ. ಇಂಡಿಯ ನಿಂಬೆತೋಟದ ಹುಡುಗನ ಕೈಗೆ ಬಂದ ಮೊಟ್ಟಮೊದಲ ಕ್ಯಾಮರಾ ಮೊಬೈಲಿನ ಹೊಟ್ಟೆಯೊಳಗಿತ್ತು.

ಕೊಡ್ಯಾಕ್ ಕಣ್ಣುಮುಚ್ಚಿ ಕುಳಿತಿತ್ತೆಂದು ಹಲವರು ನಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. 2005ರಲ್ಲಿ ಅಮೆರಿಕದಲ್ಲಿ ಡಿಜಿಟಲ್ ಕ್ಯಾಮರಾ ಮಾರಾಟದಲ್ಲಿ ಅದೇ ಮೊದಲನೆಯದಾಗಿತ್ತು. ಆದರೆ ಕ್ಯಾಮರಾ ಮಾರಿದ ಮೇಲೆ ಮಾರಲು ಮತ್ತೇನೂ ಉಳಿದಿರಲಿಲ್ಲ. 2012ರ ಜನವರಿಯಲ್ಲಿ ದಿವಾಳಿಯ ಅರ್ಜಿ ಹಾಕಿತು. ಜಪಾನಿನ ಫ್ಯೂಜಿ ಜಾಣತನ ಮಾಡಿತು. ರೀಲಿನ ರಸಾಯನವಿದ್ಯೆಯನ್ನೇ ಬಳಸಿ ಮುಖಕ್ಕೆ ಹಚ್ಚುವ ಕ್ರೀಮು ಮಾರಲು ಹೊರಟಿತು. ಸಿಂದಗಿಯ ಕಾಕಾ ಯಾವ ಕ್ರೀಮು ಮಾರಬೇಕಿತ್ತು?

ಅವರೂ ಹಟ ಹಿಡಿದು ಕೂಡ್ರಲಿಲ್ಲ. ಕಾಕಿಯ ಬಂಗಾರ ಒತ್ತೆಯಿಟ್ಟು ಡಿಜಿಟಲ್ ಕ್ಯಾಮರಾ, ಕಂಪ್ಯೂಟರು, ಪ್ರಿಂಟರು ತಂದರು. ಯಂತ್ರ ಬಂದಿತು, ಕಾಪಿ ಕೇಳುವ ಆ ಆರು ಮಂದಿ ಬರಲಿಲ್ಲ. ಬಂಗಾರ ಬಿಡಿಸಿಕೊಳ್ಳಲು ಏಳು ವರ್ಷ ಹಿಡಿಯಿತು. ಈಗ ಕತ್ತಲೆಕೋಣೆಯಲ್ಲಿ ಝರಾಕ್ಸ್ ಕಾಗದದ ಕಟ್ಟುಗಳಿವೆ.

ಹೋದ ವರ್ಷ ಅವರ ತಾಯಿ, ನಮ್ಮ ಆಯಿ ತೀರಿಕೊಂಡಳು. ಅವಳ ನೂರಾರು ಚಿತ್ರಗಳು ನನ್ನ ಮೊಬೈಲಿನಲ್ಲಿದ್ದವು. ಆ ಮೊಬೈಲು ಅವಳಿಗಿಂತ ತಿಂಗಳು ಮೊದಲೇ ನನ್ನ ಕೈಜಾರಿ ಕಾಲುವೆಯ ಪಾಲಾಗಿತ್ತು. ಬೇರೆಡೆ ತೆಗೆದಿಡುವ ಬುದ್ಧಿ ನನಗೆ ಹೊಳೆದಿರಲಿಲ್ಲ. ಗೋಡೆಗೆ ಹಾಕಲು ಒಂದು ಫೋಟೋ ಇಲ್ಲವೆಂದು ಅಪ್ಪ ಮಾತು ಬಿಟ್ಟರು.

ಕಾಕಾ ಬಿಸ್ಕೀಟಿನ ಡಬ್ಬಿ ತೆಗೆದರು. ಒಳಗೆ ಕಾಗದದಲ್ಲಿ ಸುತ್ತಿದ ನೆಗೆಟಿವ್‌ಗಳು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಡಿಜಿಟಲ್ ಕ್ಯಾಮರಾದಿಂದಲೇ ಅದರ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿದರು. ಬಾಗೇವಾಡಿ ತಾಲೂಕಿನ ಹೊಳೆದಂಡೆಯ ನಮ್ಮ ಹಳೆಯ ಮನೆ; ಆಲಮಟ್ಟಿಯ ಹಿನ್ನೀರು ಏರುವ ಮುಂಚಿನದು. ಬಾಗಿಲು, ಚೌಕಟ್ಟುಗಳನ್ನು ಆಗಲೇ ಕಿತ್ತು ಹೊಸ ಊರಿಗೆ ಸಾಗಿಸಿದ್ದರು. ಬಾಗಿಲಿಲ್ಲದ ಬಾಗಿಲಲ್ಲಿ ಆಯಿ ನಿಂತಿದ್ದಾಳೆ. ಅಂಗಳದಲ್ಲಿ ಕ್ಯಾಮರಾ ಹಿಡಿದ ಕಾಕಾರ ನೆರಳು ಉದ್ದಕ್ಕೆ ಬಿದ್ದಿದೆ.

"ನೆರಳು ಬಿದ್ದದ ನೋಡು, ಅವತ್ತ ಗಡಿಬಿಡಿ ಆತು. ಅಳಿಸಿ ಕೊಡ್ಲೇನು?" ಎಂದರು.

"ಬ್ಯಾಡ್ರಿ ಕಾಕಾ, ಇರಲಿ."

"ಎಷ್ಟು ಕಾಪಿ?"

ನಮಗೊಂದು, ಅವರಿಗೊಂದು, ಇಂಡಿಯ ಅತ್ತೆಗೊಂದು ಎಂದು ಎಣಿಸಿ ಮೂರು ಎಂದೆ. ಉಳಿದವರು ಮೊಬೈಲಿಗೆ ಕಳಿಸು ಎಂದಿದ್ದರು.