ಭಂಡಾರ ಎಣಿಸಿದರೇ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕು ತಾಲೂಕುಗಳ ಪ್ರೌಢಶಾಲೆಗಳಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸಿದೆ. ಪೌರನೀತಿಯಲ್ಲಿ ‘ಮಹಾಭಿಯೋಗ’ ಎಂಬ ಪದ ಬಂದಾಗಲೆಲ್ಲ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಮುಂದಕ್ಕೆ ಸಾಗುತ್ತಿದ್ದರು. ಸಂವಿಧಾನದ 61ನೆಯ ವಿಧಿಯಂತೆ ರಾಷ್ಟ್ರಪತಿಯನ್ನು ತೆಗೆಯಲು 14 ದಿನಗಳ ಮುನ್ಸೂಚನೆ ಬೇಕು. ಒಂದು ಸದನ ಆರೋಪ ಹೊರಿಸಬೇಕು, ಇನ್ನೊಂದು ವಿಚಾರಣೆ ನಡೆಸಬೇಕು. ಎರಡೂ ಕಡೆ ಒಟ್ಟು ಸದಸ್ಯಬಲದ ಮೂರನೆಯ ಎರಡು ಭಾಗದಷ್ಟು ಬಹುಮತ ಬೇಕು. ನಮ್ಮಲ್ಲಿ ಈ ವಿಧಿಯನ್ನು ಇದುವರೆಗೆ ಯಾವ ರಾಷ್ಟ್ರಪತಿಯ ಮೇಲೂ ಪ್ರಯೋಗಿಸಿಲ್ಲ. ಆದ್ದರಿಂದ ಮಕ್ಕಳ ಪಾಲಿಗೆ ಅದು ಕೇವಲ ಎರಡು ಅಂಕಗಳ ಪ್ರಶ್ನೆಯಾಗಿತ್ತು.

ಅಮೆರಿಕದಲ್ಲಿ ಹಾಗಲ್ಲ. 1998ರ ಡಿಸೆಂಬರ್ 19ರಂದು ಅಲ್ಲಿನ ಕೆಳಮನೆ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಮೇಲೆ ಬಹುತೇಕ ಪಕ್ಷದ ಗೆರೆಯಲ್ಲಿಯೇ ಮಹಾಭಿಯೋಗ ಹೊರಿಸಿತು. ಅದೇ ದಿನಗಳಲ್ಲಿ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಅವರ ಜನಮನ್ನಣೆ ಕುಸಿಯುವ ಬದಲು ಶೇಕಡಾ 73ಕ್ಕೆ ಏರಿತ್ತು. ಡೊನಾಲ್ಡ್ ಟ್ರಂಪ್ ಅವರ ಮೇಲೆ 2019ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಮಹಾಭಿಯೋಗ ಬಂದಿತು. 2024ರಲ್ಲಿ ಜನ ಅವರನ್ನೇ ಪುನಃ ಆರಿಸಿದರು. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ‘ಇಷ್ಟು ದೊಡ್ಡ ಆರೋಪ ಬಂದರೂ ಜನರ ಮನಸ್ಸು ಅಲುಗುವುದಿಲ್ಲವೇಕೆ ಸರ್?’ ಎಂದು ಕೇಳಿದ್ದ. ಅವನಿಗೆ ನಾನು ಹೇಳಿದ್ದು ಅಮೆರಿಕದ ಕಥೆಯನ್ನಲ್ಲ, ನಮ್ಮ ನಾಡಿನ ಕಥೆಯನ್ನೇ.

ನಮ್ಮಲ್ಲಿ ಮಹಾಭಿಯೋಗ ನಡೆಯದಿದ್ದರೂ, ಜನರು ಆರಿಸಿದ ಸರ್ಕಾರವನ್ನು ಎದುರು ಪಕ್ಷ ಮೇಲಿನಿಂದ ಕೆಳಗಿಳಿಸಿದ್ದನ್ನು ನಾವು ಕಂಡಿದ್ದೇವೆ. 1977ರ ಏಪ್ರಿಲ್‌ನಲ್ಲಿ ಕೇಂದ್ರದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ತೆಗೆಯಲು ಹೊರಟಿತು. ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಅಖಂಡ ವಿಜಾಪುರ ಜಿಲ್ಲೆಯವರೇ ಆದ ಬಿ.ಡಿ. ಜತ್ತಿಯವರು. ಅವರು ಕೂಡಲೇ ಸಹಿ ಹಾಕದೆ ತಡೆದರು. ಸಂಪುಟ ಮತ್ತೆ ಒತ್ತಾಯಿಸಿದ ಮೇಲೆ ಏಪ್ರಿಲ್ 30ರಂದು ಹಾಕಿದರು. ಅದೇ ವರ್ಷ ಡಿಸೆಂಬರ್ 31ರಂದು ದೇವರಾಜ ಅರಸರ ಸರ್ಕಾರವೂ ವಜಾ ಆಯಿತು. ಎರಡು ತಿಂಗಳೊಳಗೆ ನಡೆದ ಚುನಾವಣೆಯಲ್ಲಿ ಅರಸರ ಪಕ್ಷಕ್ಕೆ ಜನ 149 ಸ್ಥಾನ ಕೊಟ್ಟು ಮರಳಿ ಕೂರಿಸಿದರು.

ನಮ್ಮ ಸೋದರಮಾವ ಇಂಡಿ ತಾಲೂಕಿನ ರೈತರು. ಗೇಣಿಗೆ ಮಾಡುತ್ತಿದ್ದ ಹೊಲ 1974ರ ಭೂಸುಧಾರಣೆಯಿಂದ ಅವರ ಸ್ವಂತದ್ದಾಗಿತ್ತು. ಅರಸರನ್ನು ತೆಗೆದಾಗ ‘ಕೇಳೂದಿಲ್ಲ, ಹೇಳೂದಿಲ್ಲ, ಇದೆಂಥಾ ನ್ಯಾಯ?’ ಎಂದು ಕಟ್ಟೆಯ ಮೇಲೆ ಕುಳಿತು ಕೂಗಾಡಿದವರು ಅವರು.

ಹನ್ನೊಂದು ವರ್ಷಗಳ ನಂತರ ಚಕ್ರ ತಿರುಗಿತು. 1989ರ ಏಪ್ರಿಲ್‌ನಲ್ಲಿ ಜನತಾದಳದ ಎಸ್.ಆರ್. ಬೊಮ್ಮಾಯಿಯವರಿಗೆ ಬೆಂಬಲವಿಲ್ಲವೆಂಬ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ ಏಳು ಮಂದಿ ಮರುದಿನಗಳಲ್ಲಿಯೇ ‘ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆದರು’ ಎಂದು ಬರೆದುಕೊಟ್ಟರು. ಏಪ್ರಿಲ್ 27ಕ್ಕೆ ವಿಧಾನಸಭೆ ಕರೆದು ಬಹುಮತ ತೋರಿಸುವುದಾಗಿ ಬೊಮ್ಮಾಯಿಯವರು ಹೇಳಿದರು. ಆ ದಿನದವರೆಗೂ ಕಾಯಲಿಲ್ಲ. 21ರಂದೇ ರಾಷ್ಟ್ರಪತಿ ಆಳ್ವಿಕೆ ಬಂದಿತು. ಆಗ ಕೇಂದ್ರದಲ್ಲಿದ್ದದ್ದು ರಾಜೀವ್ ಗಾಂಧಿಯವರ ಕಾಂಗ್ರೆಸ್ ಸರ್ಕಾರ.

ಬೇಸಿಗೆ ಸೂಟಿಯ ದಿನಗಳು. ಸಂಬಂಧಿಕರ ಮದುವೆಯ ಹಂದರದಲ್ಲಿ ಇದೇ ಮಾತು. ಮಾವ ನಗುತ್ತಾ ಹೇಳಿದರು: ‘ತಗದದ್ದು ಒಳ್ಳೇದಾತು ಬಿಡೋ ತಮ್ಮಾ. ದಿನಾ ಒಬ್ಬರ ಕಾಲು ಒಬ್ಬರು ಎಳೀತಿದ್ರು. ಅರಸರನ್ನ ತಗದಾಗ ಇವರೇನ ಅತ್ತಿದ್ರೇನು?’

ನಾನೆಂದೆ: ‘ಮಾಮಾ, ಅವತ್ತು ಅರಸರಿಗೆ ಆದದ್ದು ಅನ್ಯಾಯ ಅಂದ್ರ, ಇವತ್ತು ಇವರಿಗೆ ಆದದ್ದೂ ಅನ್ಯಾಯನ ಅಲ್ಲೇನ್ರಿ?’

‘ನೀ ಪುಸ್ತಕದಾಂವ’ ಎಂದು ಅವರು ಎದ್ದು ಹೋದರು. ನನಗೆ ಅಕ್ಷರ ಕಲಿಯಲು ಫೀಜು ಕಟ್ಟಿದ್ದ ಆ ಹಿರಿಯರು ದೀಪಾವಳಿಯವರೆಗೂ ನನ್ನೊಡನೆ ಮಾತನಾಡಲಿಲ್ಲ. ಒಂದು ಸರ್ಕಾರ ಬಿದ್ದದ್ದಕ್ಕೆ ಒಂದು ಮನೆಯಲ್ಲಿ ತೆತ್ತ ಬೆಲೆ ಇದು.

ಆ ವರ್ಷ ನಾನು ಬಸವನ ಬಾಗೇವಾಡಿ ತಾಲೂಕಿನ ಶಾಲೆಯಲ್ಲಿದ್ದೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ರಾಜ್ಯ ಸರ್ಕಾರದ ಪಾಠ ಮಾಡುತ್ತಿರುವಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಕೇಳಿ ಬೆಳೆದ ಮಗು. ‘ಸರ್, ಬಸವಣ್ಣನವರು ಭಂಡಾರದ ಹಣ ಖರ್ಚು ಮಾಡ್ಯಾರ ಅಂತ ಚಾಡಿ ಹೇಳಿದಾಗ ಬಿಜ್ಜಳ ಭಂಡಾರ ತೆಗೆಸಿ ಎಣಿಸಿ ನೋಡಿದನಲ್ರೀ. ಇಲ್ಲಿ ಯಾಕ ಎಣಿಸಲಿಲ್ಲ?’ ಎಂದಳು.

ತರಗತಿ ಸ್ತಬ್ಧವಾಯಿತು. ಚಾಡಿ ಹೇಳುವವರು ಆಸ್ಥಾನದಲ್ಲಿ ಇದ್ದೇ ಇರುತ್ತಾರೆ. ಆದರೆ ಎಲ್ಲರೆದುರು ಎಣಿಸಿದ ಮೇಲೆ ಪುರಾಣದ ಕಥೆಯಲ್ಲಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಶಾಸಕರ ತಲೆ ಎಣಿಸುವ ಭಂಡಾರವೆಂದರೆ ವಿಧಾನಸಭೆ. ಅದರ ಬಾಗಿಲನ್ನೇ ತೆರೆಯಲಿಲ್ಲ. ‘ನಿನ್ನ ಪ್ರಶ್ನೆಯೇ ಸರಿಯಾದ ಪ್ರಶ್ನೆ ತಾಯಿ’ ಎಂದೆ.

ಜನ ಏನು ಮಾಡಿದರು? 1989ರ ನವೆಂಬರ್ ಚುನಾವಣೆಯಲ್ಲಿ 18 ವರ್ಷದವರೂ ಮೊದಲ ಬಾರಿಗೆ ಮತ ಹಾಕಿದರು. ಕಾಂಗ್ರೆಸ್‌ಗೆ 178 ಸ್ಥಾನ, ಜನತಾದಳಕ್ಕೆ 24. ಹಾಗಾದರೆ ವಜಾ ಮಾಡಿದ್ದು ಸರಿಯಾಯಿತೇ? ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಉತ್ತರಿಸಿತು: ಬೊಮ್ಮಾಯಿ ಸರ್ಕಾರದ ವಜಾ ಅಸಾಂವಿಧಾನಿಕ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ. ಅಷ್ಟರಲ್ಲಿ ಚುನಾವಣೆ ಮುಗಿದು ಐದು ವರ್ಷಗಳು ಸಮೀಪಿಸಿದ್ದವು; ಕಳೆದುಕೊಂಡ ಅಧಿಕಾರ ಮರಳುವಂತಿರಲಿಲ್ಲ. ಆದರೂ ಇಂದಿಗೂ ರಾಜ್ಯ ಸರ್ಕಾರಗಳಿಗೆ ಆ ತೀರ್ಪೇ ರಕ್ಷೆ.

ಜನರು ಹೇಳಿದ್ದು ‘ಈ ಸರ್ಕಾರ ನಮಗೆ ಬೇಡ’ ಎಂದು. ನ್ಯಾಯಾಲಯ ಹೇಳಿದ್ದು ‘ಈ ರೀತಿ ತೆಗೆಯಬಾರದು’ ಎಂದು. ಎರಡೂ ಏಕಕಾಲಕ್ಕೆ ನಿಜವಾಗಬಹುದು. ನಮ್ಮ ತೊಡಕೇನೆಂದರೆ, ಯಾರನ್ನು ತೆಗೆದರು ಎಂದು ನೋಡಿ, ಹೇಗೆ ತೆಗೆದರು ಎಂಬುದರ ತೀರ್ಪನ್ನೂ ಅದರಲ್ಲೇ ಕೊಟ್ಟುಬಿಡುತ್ತೇವೆ.

ಜನ ವ್ಯತ್ಯಾಸ ಅರಿಯಲಾರರೆಂದಲ್ಲ. ದಕ್ಷಿಣ ಕೊರಿಯಾವನ್ನು ನೋಡಿ. 2004ರ ಮಾರ್ಚ್‌ನಲ್ಲಿ, ಚುನಾವಣೆಗೆ ತಿಂಗಳಿರುವಾಗ, ವಿರೋಧ ಪಕ್ಷಗಳು ಅಧ್ಯಕ್ಷ ರೋ ಮೂ ಹ್ಯುನ್ ಅವರ ಮೇಲೆ ಮಹಾಭಿಯೋಗ ಹೊರಿಸಿದವು. ಜನ ಮೇಣದಬತ್ತಿ ಹಿಡಿದು ಬೀದಿಗಿಳಿದು ಪ್ರತಿಭಟಿಸಿದರು. ಅಧ್ಯಕ್ಷರ ಪರವಾಗಿದ್ದ ಪಕ್ಷಕ್ಕೆ 299ರಲ್ಲಿ 152 ಸ್ಥಾನ ಕೊಟ್ಟರು. ಮೇ ತಿಂಗಳಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅವರನ್ನು ಮತ್ತೆ ಅಧಿಕಾರದಲ್ಲಿ ಕೂರಿಸಿತು. ಅದೇ ಜನ 2016ರಲ್ಲಿ ಅದೇ ಮೇಣದಬತ್ತಿಗಳನ್ನು ಹಿಡಿದು ಅಧ್ಯಕ್ಷೆ ಪಾರ್ಕ್ ಗುನ್ ಹೇ ಅವರನ್ನು ತೆಗೆಯಿರೆಂದು ನಿಂತರು. ಆ ಬಾರಿ ಆಕೆಯ ಸ್ವಂತ ಪಕ್ಷದ ಅನೇಕರೂ ಆಕೆಯ ವಿರುದ್ಧ ಮತ ಹಾಕಿದರು. ತನ್ನವರೇ ಒಪ್ಪುವಷ್ಟು ಪುರಾವೆ ಎದುರಿಗಿದ್ದರೆ ಅದು ನ್ಯಾಯ. ಎದುರಾಳಿಗಳಷ್ಟೇ ಎಣಿಸಿಕೊಂಡರೆ ಅದು ಸೇಡು ಎಂಬುದು ಜನರಿಗೆ ತಿಳಿಯುತ್ತದೆ.

ಮಾವನಿಗೂ ತಿಳಿಯಿತು. 1990ರ ಅಕ್ಟೋಬರ್‌ನಲ್ಲಿ ಅನಾರೋಗ್ಯದಲ್ಲಿದ್ದ ವೀರೇಂದ್ರ ಪಾಟೀಲರನ್ನು ಅವರ ಪಕ್ಷದ ವರಿಷ್ಠರೇ ಕೆಳಗಿಳಿಸಿದಾಗ ಮಾವ ನನ್ನ ಮನೆಗೆ ಬಂದರು. ಚಹಾ ಕುಡಿದು, ಬಹಳ ಹೊತ್ತು ಸುಮ್ಮನೆ ಕುಳಿತು, ‘ಅವತ್ತ ನೀ ಹೇಳಿದ್ದು ಖರೇ ಐತಿ ತಮ್ಮಾ. ಕೇಳಿ ತಗೀಬೇಕು’ ಎಂದರು. ಅವರು ಮತ ಹಾಕುವ ಪಕ್ಷವನ್ನು ಕೊನೆಯವರೆಗೂ ಬದಲಿಸಲಿಲ್ಲ. ಬದಲಿಸಬೇಕೆಂದು ನಾನೂ ಬಯಸಿರಲಿಲ್ಲ.

ಈಗ ನಿಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಪಕ್ಷದ ಅಭಿಮಾನಿಗಳಾಗಿದ್ದೀರಿ. ಮನೆಮನೆಗಳಲ್ಲಿ ಅಣ್ಣ ತಮ್ಮಂದಿರು ಇದಕ್ಕಾಗಿ ಮಾತು ಬಿಟ್ಟಿರುವುದನ್ನೂ ಕೇಳುತ್ತೇನೆ. ಅಭಿಮಾನವಿರಲಿ. ಆದರೆ ಮುಂದೆ ಯಾರನ್ನಾದರೂ ಕುರ್ಚಿಯಿಂದ ಇಳಿಸಿದ ಸುದ್ದಿ ಬಂದರೆ, ಆ ಹೆಸರಿನ ಜಾಗದಲ್ಲಿ ನಿಮಗೆ ಪ್ರಿಯರಾದ ನಾಯಕರ ಹೆಸರಿಟ್ಟು ಸುದ್ದಿಯನ್ನು ಇನ್ನೊಮ್ಮೆ ಓದಿರಿ. ಆಮೇಲೆ ಆ ಬಾಗೇವಾಡಿಯ ಹುಡುಗಿಯ ಪ್ರಶ್ನೆಯನ್ನು ಕೇಳಿಕೊಳ್ಳಿರಿ. ಉತ್ತರ ಏನೇ ಬರಲಿ, ಮನೆಯವರೊಡನೆ ಮಾತು ಬಿಡಬೇಡಿರಿ.