ಮುದಿ ಕುದುರೆಗಳ ತಾಯಿ



ಪರದೇಶದಲ್ಲಿ ಹುಟ್ಟಿ, ಪರಮತದಲ್ಲಿ ಬೆಳೆದು, ಹಲವು ನಾಡುಗಳನ್ನು ಕಂಡು, ಕಡೆಗೆ ಈಜಿಪ್ಟಿನ ಕೈರೋ ನಗರದಲ್ಲಿ ದೇಹವಿಟ್ಟ ಒಬ್ಬ ತಾಯಿಯ ಸ್ಮರಣೆಯನ್ನು ಈ ತಿಂಗಳು ನಿಮ್ಮೆದುರು ಮಾಡಬೇಕೆಂದು ನಮ್ಮ ಮನಸ್ಸು ಬಯಸಿದೆ. ಆಕೆಯ ಹೆಸರು ಡೊರೊಥಿ ಬ್ರೂಕ್. ಬ್ರಿಟಿಷ್ ಕುಲೀನ ಮನೆತನದಲ್ಲಿ 1883ರಲ್ಲಿ ಜನಿಸಿದ ಈಕೆಗೆ ಕುದುರೆಗಳೆಂದರೆ ಪ್ರಾಣ. ಸೈನ್ಯಾಧಿಕಾರಿಯ ಪತ್ನಿಯಾದುದರಿಂದ ನಾಡಿನಿಂದ ನಾಡಿಗೆ ಸಾಗುವ ಬಾಳು ಅವರದಾಗಿತ್ತು. ನಮ್ಮ ಶರಣರ ಹೆಸರು ಆಕೆಯ ಕಿವಿಗೆ ಬಿದ್ದಿರಲಾರದು. ಆದರೂ ಆಕೆಯ ಚರಿತ್ರೆಯನ್ನು ಓದುವಾಗ ಕಾಯಕ, ದಾಸೋಹ ಎಂಬ ಮಾತುಗಳು ನಮಗೆ ಮತ್ತೆ ಮತ್ತೆ ನೆನಪಾದವು.

ಹಿನ್ನೆಲೆಯನ್ನು ಕೊಂಚ ಹೇಳಬೇಕು. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಪ್ರಾಂತಗಳ ಕಾಳಗವು ಬಹುಮಟ್ಟಿಗೆ ಕುದುರೆಗಳ ಬೆನ್ನಿನ ಮೇಲೆಯೇ ನಡೆಯಿತು. ನಮ್ಮ ನಾಡಿನ ಮೈಸೂರು ಲ್ಯಾನ್ಸರ್ಸ್ ಪಡೆಯೂ ಅಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಈ ಸವಾರರೂ ಸೇರಿದ್ದರು. ಯುದ್ಧ ಮುಗಿಯಿತು. ಸವಾರರು ತಮ್ಮ ತಮ್ಮ ಊರುಗಳಿಗೆ ಮರಳಿದರು. ಆದರೆ ಬ್ರಿಟಿಷ್ ಸೇನೆಗೆ ಸೇರಿದ ಸಾವಿರಾರು ಕುದುರೆಗಳನ್ನು ಊರಿಗೆ ಸಾಗಿಸುವುದು ಖರ್ಚಿನ ಬಾಬ್ತೆಂದು ಎಣಿಸಿ ಅಲ್ಲಿಯೇ ಮಾರಿಬಿಟ್ಟರು. ರಣರಂಗದಲ್ಲಿ ಗುಂಡಿನ ಸದ್ದಿಗೆ ಅಂಜದೆ ನಿಂತ ಪ್ರಾಣಿಗಳು ಕಲ್ಲುಗಣಿಗಳಿಗೆ, ಹೊರೆಗಾಡಿಗಳ ನೊಗಕ್ಕೆ ಬಿದ್ದವು.

ಡೊರೊಥಿ 1930ರಲ್ಲಿ ಕೈರೋಗೆ ಬಂದರು. ಅಲ್ಲಿದ್ದ ಅಶ್ವದಳಕ್ಕೆ ಪತಿ ಜೆಫ್ರಿ ಬ್ರೂಕ್ ಅವರು ಅಧಿಕಾರಿಗಳಾಗಿ ನೇಮಕಗೊಂಡಿದ್ದರು. ಬೀದಿಯಲ್ಲಿ ಎಲುಬು ಕಾಣುವಂತೆ ಸೊರಗಿದ, ಕುಂಟುವ, ಕಣ್ಣು ಕಳೆದುಕೊಂಡ ಮುದಿ ಕುದುರೆಗಳನ್ನು ಆಕೆ ಕಂಡರು. ಅವುಗಳ ಮೈಮೇಲೆ ಬಾಣದ ಮೊನೆಯಾಕಾರದ ಸೇನಾಮುದ್ರೆ ಇನ್ನೂ ಅಳಿಯದೆ ಉಳಿದಿತ್ತು. ಯುದ್ಧ ಮುಗಿದು ಹನ್ನೆರಡು ವರ್ಷಗಳಾಗಿದ್ದರೂ ಅವುಗಳ ದುಡಿಮೆ ಮುಗಿದಿರಲಿಲ್ಲ.

ಇಂಥ ದೃಶ್ಯವನ್ನು ಕಂಡವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಅಯ್ಯೋ ಎಂದು ಮರುಗುತ್ತಾರೆ, ಗಾಡಿಯವನನ್ನು ಕಟುಕನೆಂದು ಬೈಯುತ್ತಾರೆ, ಮುಂದೆ ಹೋಗುತ್ತಾರೆ. ಆ ಗಾಡಿಯವನೂ ಹೊಟ್ಟೆಗಿಲ್ಲದವನೆಂಬುದನ್ನು ಡೊರೊಥಿ ಕಂಡುಕೊಂಡರು. ಆತನ ಕುದುರೆಯನ್ನು ಬಲದಿಂದ ಕಿತ್ತುಕೊಂಡರೆ ಮರುದಿನ ಆತನ ಮಕ್ಕಳು ಉಪವಾಸ ಬೀಳುತ್ತಾರೆ. ಆದುದರಿಂದ ಬೆಲೆ ಕೊಟ್ಟು ಕೊಳ್ಳುವ ಮಾರ್ಗವನ್ನು ಹಿಡಿದರು. ತಮ್ಮ ದೇಶದ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ 1931ರಲ್ಲಿ ಒಂದು ಪತ್ರ ಬರೆದು, ನಮಗಾಗಿ ಹೋರಾಡಿದ ಪ್ರಾಣಿಗಳ ಋಣವನ್ನು ತೀರಿಸಲು ನೆರವಾಗಿರೆಂದು ಜನರನ್ನು ಬೇಡಿಕೊಂಡರು. ಜನ ಧಾರಾಳವಾಗಿ ಕಳುಹಿಸಿದ ಹಣದಿಂದ ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಬಿಡಿಸಿ ತಂದರು. ಬೇಡುವುದು ಸುಲಭದ ಕಾರ್ಯವಲ್ಲವೆಂಬುದನ್ನು ದಾಸೋಹದ ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿದ ನಾವು ಬಲ್ಲೆವು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಅದನ್ನು ನಿಮ್ಮಿಂದ ಮರೆಮಾಚಲಾರೆವು. ಕೊಂಡು ತಂದ ಕುದುರೆಗಳಲ್ಲಿ ಬಹುಪಾಲು ವಾಸಿಯಾಗುವ ಸ್ಥಿತಿಯಲ್ಲಿರಲಿಲ್ಲ. ಅವುಗಳಿಗೆ ಮೇವು, ನೀರು, ಮೆತ್ತನೆಯ ಹುಲ್ಲಿನ ಹಾಸು, ಕೆಲದಿನಗಳ ವಿಶ್ರಾಂತಿ ಕೊಟ್ಟು, ಆಮೇಲೆ ನೋವಿಲ್ಲದಂತೆ ಅವುಗಳ ಪ್ರಾಣವನ್ನು ಬಿಡಿಸಲಾಯಿತು. ಜೀವ ತೆಗೆಯುವುದನ್ನು ನಮ್ಮ ಧರ್ಮವು ಒಪ್ಪುವುದಿಲ್ಲ. ನಾವಾಗಿದ್ದರೆ ಕಡೆಯ ಉಸಿರಿನ ತನಕ ಮೇವು ಹಾಕಿ ಕಾಯುತ್ತಿದ್ದೆವು ಎಂದು ನೀವು ಹೇಳಬಹುದು. ನಮ್ಮ ಮನಸ್ಸೂ ಮೊದಲು ಹಾಗೆಯೇ ಹೇಳಿತು. ಆದರೆ ಹಾಗೆ ಹೇಳುವ ಅಧಿಕಾರವಿರುವುದು ನಿಜವಾಗಿಯೂ ಮೇವು ಹಾಕಿ ಕಾಯುವವನಿಗೆ. ಕೊಲ್ಲಬಾರದೆಂದು ನುಡಿದು, ಮುದಿ ಪ್ರಾಣಿಯನ್ನು ಕಣ್ಮರೆಯಾಗುವಂತೆ ಮಾರಿ, ಕೈತೊಳೆದುಕೊಂಡವನಿಗೆ ಆ ಅಧಿಕಾರವೆಲ್ಲಿಯದು? ಆಕೆಯ ನಿರ್ಧಾರವನ್ನು ಒಪ್ಪದವರೂ ಆಕೆಯ ಮುಂದೆ ತಲೆಬಾಗಲೇಬೇಕು. ಏಕೆಂದರೆ ಆಕೆ ನೋವಿನ ಎದುರಿನಿಂದ ಮುಖ ತಿರುಗಿಸಲಿಲ್ಲ.

ಯುದ್ಧದ ಕುದುರೆಗಳ ಕಾರ್ಯ ಮುಗಿಯುತ್ತ ಬಂದರೂ ಆಕೆ ಸುಮ್ಮನೆ ಕೂರಲಿಲ್ಲ. 1934ರಲ್ಲಿ ಕೈರೋ ನಗರದಲ್ಲಿ ಮುದಿ ಯುದ್ಧಾಶ್ವಗಳ ಸ್ಮಾರಕವಾಗಿ ಆಸ್ಪತ್ರೆಯೊಂದನ್ನು ಸ್ಥಾಪಿಸಿ, ಬಡವರ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಉಚಿತ ಚಿಕಿತ್ಸೆಯ ಏರ್ಪಾಡು ಮಾಡಿದರು. ಪ್ರಾಣಿ ಗುಣವಾದರೆ ಒಡೆಯನ ಒಲೆಯೂ ಉರಿಯುತ್ತದೆ. ಒಂದೇ ಸೇವೆಯಿಂದ ಎರಡು ಜೀವಗಳು ಉಳಿಯುತ್ತವೆ. ಡೊರೊಥಿ 1955ರಲ್ಲಿ ಕೈರೋದಲ್ಲಿಯೇ ತೀರಿಕೊಂಡರು. ಆ ಆಸ್ಪತ್ರೆಯಿಂದ ಬೆಳೆದ 'ಬ್ರೂಕ್' ಸಂಸ್ಥೆಯ ಕಾರ್ಯವು ಮುಂದೆ ಅನೇಕ ದೇಶಗಳಿಗೆ, ನಮ್ಮ ಭಾರತಕ್ಕೂ ಹಬ್ಬಿತು.

ನಮ್ಮ ಪ್ರಸಾದ ನಿಲಯದಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಿಗೆ ಮಠದ ಕೊಟ್ಟಿಗೆಯ ನೆನಪಿರಬಹುದು. ನೇಗಿಲಿಗೆ ಹೂಡಲಾಗದ ಎತ್ತುಗಳಿಗೂ ಹಿರಿಯ ಪೂಜ್ಯರು ತಮ್ಮ ಕೈಯಿಂದಲೇ ಮೇವು ಹಾಕುತ್ತಿದ್ದರು. ಮಠಕ್ಕೆ ಹೊಲವಿತ್ತು, ಹುಲ್ಲಿತ್ತು; ನಡೆಯಿತು. ಬರಗಾಲದಲ್ಲಿ ಸಾಲದ ಹೊರೆ ಹೊತ್ತ ರೈತನು ಕಣ್ಣೀರಿಡುತ್ತ ಮುದಿ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವುದನ್ನೂ ನಾವು ಕಂಡಿದ್ದೇವೆ. ಆತನಿಗೆ ಪಾಪಪುಣ್ಯದ ಉಪದೇಶ ಮಾಡುವ ಮೊದಲು ಒಂದು ಗಾಡಿ ಮೇವು ಕಳುಹಿಸುವುದು ಉಳ್ಳವರ ಕರ್ತವ್ಯ. ದಯೆಯನ್ನು ಧರ್ಮದ ತಳಹದಿಯೆಂದು ಸಾರಿದ ಬಸವಣ್ಣನವರ ಮಕ್ಕಳು ನಾವು. ಅದನ್ನು ಸಾರುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ, ಆಚರಿಸುವುದರಲ್ಲಿಯೂ ಹಿಂದೆ ಬೀಳದಿರೋಣ.

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ದುಡಿದು ದಣಿದ ಜೀವವೊಂದು ಇದ್ದೇ ಇರುತ್ತದೆ. ಅದು ನಾಲ್ಕು ಕಾಲಿನದಿರಲಿ, ಎರಡು ಕಾಲಿನದಿರಲಿ, ಅದರ ಋಣವನ್ನು ನೆನೆದು ಇಂದೇ ಒಂದು ಹಿಡಿ ಸೇವೆ ಮಾಡಿರಿ. ಆ ಸದ್ಬುದ್ಧಿಯನ್ನು ಗುರುಲಿಂಗಜಂಗಮರು ನಿಮಗೆಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.